ಷರಾ: ಉಣ್ಣೆ ಬಹಳ

ಒಂದು ಚೀಟಿಗೆ ನಾನು ಕೊಡುತ್ತಿದ್ದ ಸಮಯ ನಲವತ್ತು ಸೆಕೆಂಡು.

ಹೆದ್ದಾರಿಯ ತಪಾಸಣೆ ಕಟ್ಟೆಗಳಲ್ಲಿ ಪಶುವೈದ್ಯರು ಲಾರಿಯಿಂದ ಇಳಿಸಿದ ಹಿಂಡನ್ನು ನೋಡಿ ಚೀಟಿ ಬರೆಯುತ್ತಾರೆ. ಎಷ್ಟು ತಲೆ, ಎಲ್ಲಿಂದ ಬಂದದ್ದು, ಯಾರದು. ಕೊನೆಯಲ್ಲಿ ಷರಾ ಅಂತ ಒಂದು ಸಾಲು. ಚೀಟಿಗಳು ಸಂಜೆ ಚೀಲದಲ್ಲಿ ನಮ್ಮ ಕಚೇರಿಗೆ ಬರುತ್ತವೆ. ಮರುದಿನ ಬೆಳಿಗ್ಗೆ ನಾನು ಷರಾ ಓದಿ ಚೀಟಿಯ ಮೂಲೆಯಲ್ಲಿ ಒಂದು ಅಂಕಿ ಬರೆದು ಅದನ್ನೇ ಕಂಪ್ಯೂಟರಿನಲ್ಲಿ ಒತ್ತಬೇಕು. ಒಂದು ಎಂದರೆ ಹಿಂಡು ಮುಂದೆ ಹೋಗಬಹುದು. ಎರಡು ಎಂದರೆ ಕಾಲುಬಾಯಿ ರೋಗ. ಮೂರು ಎಂದರೆ ಮೈಮೇಲೆ ರಕ್ತ ಹೀರುವ ಹುಳ. ಹಿಂಡನ್ನು ಅಲ್ಲೇ ತಡೆದು ಔಷಧಿ ತೊಟ್ಟಿಯಲ್ಲಿ ಮುಳುಗಿಸಬೇಕು. ನಾಲ್ಕು ಎಂದರೆ ಕತ್ತರಿಸದ ಉಣ್ಣೆ. ಲಾರಿಯಲ್ಲಿ ಉಸಿರುಗಟ್ಟುತ್ತವೆಂದು ಅವನ್ನು ಮೊದಲು ಕತ್ತರಿ ಶೆಡ್ಡಿಗೆ ಕಳಿಸಬೇಕು. ಅಂಕಿ ಒತ್ತಿದರೆ ಸಾಕು, ಆದೇಶ ತಾನಾಗಿ ಹೋಗುತ್ತದೆ.

ಆ ಚೀಟಿಗಳಲ್ಲಿ ಕಾಲು ಭಾಗ ನನ್ನ ಗಂಡ ಬರೆದವು.

ಆ ರಕ್ತ ಹೀರುವ ಹುಳಕ್ಕೆ ಅವನ ಮನೆಯಲ್ಲಿ ಉಣುಗು ಅನ್ನುತ್ತಾರೆ. ನನ್ನ ತವರಿನಲ್ಲಿ ಉಣ್ಣೆ. ನಾನು ಪ್ರಾಣಿಶಾಸ್ತ್ರ ಓದಿದವಳು. ಎರಡು ವರ್ಷ ಇಲಿಗಳ ಕಿವಿಯಿಂದ ಅವನ್ನು ಚಿಮುಟದಲ್ಲಿ ಕಿತ್ತು ಎಣಿಸಿ ಪ್ರಬಂಧ ಬರೆದಿದ್ದೆ. ಹೆಣ್ಣು ನೋಡಲು ಬಂದ ದಿನ ಅತ್ತೆ ಕೇಳಿದ್ದರು, "ಏನಮ್ಮಾ ಓದಿದ್ದು?" "ಉಣ್ಣೆ ಬಗ್ಗೆ" ಅಂದೆ. "ಒಳ್ಳೇದಾಯ್ತು. ಸ್ವೆಟರ್ ಹೆಣೆಯೋಕೆ ಬರುತ್ತೆ ಹಾಗಾದ್ರೆ."

ಮದುವೆಯಾಗಿ ಒಂದು ವರ್ಷ ಅವನು ಆ ತಮಾಷೆಯನ್ನು ಬಿಡಲಿಲ್ಲ.

"ಚಳಿ ಜಾಸ್ತಿ ಆಯ್ತು. ಒಂದಿನ್ನೂರು ಉಣ್ಣೆ ಹಿಡ್ಕೊಂಡು ಬಾ, ಅಮ್ಮಂಗೆ ಶಾಲು ಮಾಡೋಣ."

"ಮೈಮೇಲೆ ಕೂತು ಉಣ್ಣುತ್ತೆ, ಅದಕ್ಕೆ ಉಣ್ಣೆ. ನಿಮ್ಮ ಉಣುಗಿಗೆ ಏನರ್ಥ?"

"ಉಣ್ಣೋಕೆ ಮುಂಚೆ ಗೊಣಗುತ್ತೆ. ನಿನ್ನ ಥರಾ."

ಕಟ್ಟೆಯಿಂದ ಬರುವಾಗ ಸ್ಪಿರಿಟ್ ತುಂಬಿದ ಪುಟ್ಟ ಸೀಸೆಯಲ್ಲಿ ನಾಲ್ಕೈದು ಹುಳ ಹಾಕಿಕೊಂಡು ಬರುತ್ತಿದ್ದ. "ತಗೋ, ಹೂ ಸಿಗಲಿಲ್ಲ" ಅನ್ನುತ್ತಿದ್ದ. ಊಟದ ಮೇಜಿನ ಮೇಲೆ ನನ್ನ ಹಳೆಯ ಸೂಕ್ಷ್ಮದರ್ಶಕ ಇತ್ತು. ಯಾವ ಜಾತಿ, ಗಂಡೋ ಹೆಣ್ಣೋ, ಎಷ್ಟು ದಿನ ರಕ್ತ ಕುಡಿದಿದೆ ಅಂತ ನೋಡಿ ಹೇಳುತ್ತಿದ್ದೆ. ನಾನು ಓದಿದ್ದು ಉಪಯೋಗಕ್ಕೆ ಬಂದದ್ದು ಅಷ್ಟೇ.

ಒಂದು ಸೋಮವಾರ ಅವನು ಸೂಕ್ಷ್ಮದರ್ಶಕವನ್ನು ನನ್ನನ್ನು ಕೇಳದೆ ಕಟ್ಟೆಗೆ ಕೊಂಡೊಯ್ದ. ಅಲ್ಲಿ ಯಾರಿಗೋ ತೋರಿಸಬೇಕಿತ್ತಂತೆ. ಮಾತಿಗೆ ಮಾತು ಬೆಳೆದು ನಾನು ಮಾತು ಬಿಟ್ಟೆ. ಮಂಗಳವಾರ ಸಂಜೆಯೂ ಬಿಟ್ಟೇ ಇದ್ದೆ. ಬುಧವಾರ ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಕೇಳಿದ, "ನನ್ನ ಚೀಟಿ ನೋಡಿದ್ಯಾ?"

"ದಿನಾ ನೂರು ನೋಡ್ತೀನಿ" ಅಂದೆ.

ಅವನು ಇನ್ನೇನೋ ಹೇಳಲು ಹೊರಟವನು ಕೈಕಾಲು ತೊಳೆಯಲು ಹೋದ. ಶುಕ್ರವಾರ ಜ್ವರ ಬಂತು. ಆಸ್ಪತ್ರೆಯಲ್ಲಿ ಒಸಡಿನಿಂದ ರಕ್ತ ಬರಲು ಶುರುವಾದಾಗ ಅವನೇ ಹೇಳಿದ, "ಗ್ಲೌಸ್ ಖಾಲಿಯಾಗಿತ್ತು ಕಣೇ. ಬರಿಗೈಯಲ್ಲಿ ಕೀಳೋವಾಗ ಒಂದು ಒಡೀತು." ಯಾವ ಹಿಂಡು ಅಂತ ನಾನು ಕೇಳಲಿಲ್ಲ. ಕೇಳಿದರೆ ಏನಾಗುತ್ತಿತ್ತು ಅಂತ ಆಗ ಗೊತ್ತಿರಲಿಲ್ಲ. ಒಂಬತ್ತನೆಯ ದಿನ ಹೋದ.

ಮೂರನೆಯ ವಾರ ಕೆಲಸಕ್ಕೆ ಮರಳಿದೆ. ಮನೆಯಲ್ಲಿ ಅತ್ತೆ ಒಂದು ಕೋಣೆಯಲ್ಲಿ, ನಾನು ಇನ್ನೊಂದರಲ್ಲಿ ಕೂತಿರುತ್ತಿದ್ದೆವು. ಕಚೇರಿಯಲ್ಲಿ ಕೂರುವುದು ಅದಕ್ಕಿಂತ ವಾಸಿ. ಅವನ ಕಟ್ಟೆಯ ಚೀಲ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ನಾವಿಬ್ಬರೂ ಅದನ್ನು ಮುಟ್ಟಿರಲಿಲ್ಲ.

ಆರನೆಯ ವಾರ ತನಿಖೆ ಬಂತು.

ಕತ್ತರಿ ಶೆಡ್ಡಿನಲ್ಲಿ ಮೂವರಿಗೆ ಜ್ವರ ಬಂದು ಒಬ್ಬ ತೀರಿಕೊಂಡಿದ್ದ. ಶೆಡ್ಡು ಮುಚ್ಚಿ ಇಪ್ಪತ್ತು ದಿನವಾಗಿತ್ತು. ಸೋಮವಾರ ತೆರೆಯಬೇಕು; ಹನ್ನೊಂದು ಹಿಂಡು ಸರದಿಯಲ್ಲಿ ಕಾಯುತ್ತಿದ್ದವು. ತೆರೆಯುವ ಮೊದಲು ಜ್ವರ ಯಾವ ಹಿಂಡಿನಿಂದ ಬಂತು ಎಂದು ಒಂದು ವರದಿ ಬೇಕಿತ್ತು. ಮುಖ್ಯ ಕಚೇರಿಯಿಂದ ಒಬ್ಬ ಅಧಿಕಾರಿಣಿ ಬಂದರು. ದಪ್ಪ ಕನ್ನಡಕ, ಕಡಿಮೆ ಮಾತು. ಗುರುವಾರ ನಮ್ಮ ದಾಖಲೆ ಕೋಣೆಯಲ್ಲಿ ಕೂತು ಶೆಡ್ಡಿಗೆ ಆ ತಿಂಗಳು ಬಂದ ಹಿಂಡುಗಳ ಚೀಟಿಗಳನ್ನು ತೆಗೆಸಿದರು. ನಾನು ಒಂದೊಂದೇ ಎತ್ತಿ ಕೊಡಬೇಕು, ನಮ್ಮ ಹೆಡ್ ಗುಮಾಸ್ತರು ಓದಬೇಕು, ಶೆಡ್ಡಿನ ಮೇಸ್ತ್ರಿ ನೆನಪಿದ್ದದ್ದು ಹೇಳಬೇಕು.

ಮೇಸ್ತ್ರಿ ಗೋಡೆಗೆ ಆನಿಸಿದ್ದ ಸ್ಟೂಲಿನ ತುದಿಯಲ್ಲಿ ಕೂತಿದ್ದ. ಸತ್ತವನು ಅವನ ತಂಗಿಯ ಗಂಡ.

"ಹದಿನಾಲ್ಕನೇ ಚೀಟಿ" ಅಂದರು ಗುಮಾಸ್ತರು. "ಇನ್ನೂರ ಹನ್ನೆರಡು ಕುರಿ. ಷರಾ: ಉಣ್ಣೆ ಬಹಳ."

ಮೇಸ್ತ್ರಿ ನಕ್ಕುಬಿಟ್ಟ. ಆಮೇಲೆ ನಗಬಾರದಿತ್ತು ಅನ್ನಿಸಿ ಬಾಯಿ ಒರೆಸಿಕೊಂಡ.

"ಏನು?" ಅಂದರು ಅಧಿಕಾರಿಣಿ.

"ಇದನ್ನ ಮರೆಯೋಕಾಗಲ್ಲ ಮೇಡಂ. ಲಾರಿ ಬಾಗಿಲು ತೆಗೆದ್ರೆ ಎಲ್ಲಾ ಬೋಳು. ಕತ್ತರಿ ಬಿದ್ದು ತಿಂಗಳೂ ಆಗಿಲ್ಲ. ಬೋಳು ತಲೆಯವನಿಗೆ ಬಾಚಣಿಗೆ ಕೊಟ್ಟ ಹಾಗೆ! ನನ್ನ ಭಾವಮೈದ, ಪಾಪ, 'ಇವಕ್ಕೇನು ಗಡ್ಡ ಬೋಳಿಸೋದಾ?' ಅಂತ ಇಡೀ ಶೆಡ್ಡನ್ನ ನಗಿಸಿದ್ದ. ವಾಪಸ್ ಕಳಿಸೋಣ ಅಂದ್ರೆ ಕಾಗದ ಬೇಕಲ್ಲ? ಮೂರು ದಿನ ನಮ್ಮಲ್ಲೇ ಬಿದ್ದಿದ್ವು."

"ಮೈಮೇಲೆ ಹುಳ?"

"ಇತ್ತು. ಕಿವಿ ತುಂಬ ಇತ್ತು. ಕೆಲಸ ಇರ್ಲಿಲ್ವಲ್ಲ, ಹುಡುಗ್ರು ಕೂತು ಕಿತ್ತು ಉಗುರಲ್ಲಿ ಕುಕ್ಕಿದ್ರು. ನನ್ನ ಭಾವಮೈದಾನೂ. ಹುಳ ಯಾವ ಕುರೀಲಿರಲ್ಲ ಬಿಡಿ."

"ವೈದ್ಯರು ಹುಳದ ಬಗ್ಗೆ ಬರೆದೇ ಇಲ್ಲ" ಅಂದರು ಅಧಿಕಾರಿಣಿ. "ಬೋಳು ಕುರಿಗೆ ಉಣ್ಣೆ ಬಹಳ ಅಂತ ಬೇರೆ ಬರೆದಿದ್ದಾರೆ. ಲಾರಿಯಿಂದ ಇಳಿಸಿ ನೋಡೇ ಇಲ್ಲ ಅನಿಸುತ್ತೆ." ಸಹಿ ನೋಡಿದರು. ಆಮೇಲೆ ನನ್ನ ಕಡೆ ನೋಡಿ ಕನ್ನಡಕ ತೆಗೆದರು.

ಗುಮಾಸ್ತರು ನಡುವೆ ಬಾಯಿ ಹಾಕಿದರು. "ಜ್ವರ ಅವತ್ತೇ ಶುರುವಾಗಿತ್ತೇನೋ ಮೇಡಂ. ಆ ಅಮಲಲ್ಲಿ ಏನೋ ಗೀಚಿದ್ದಾರೆ."

ಚೀಟಿ ನನ್ನ ಕೈಗೆ ವಾಪಸ್ ಬಂತು. ಅಕ್ಷರ ಗೀಚಿದ್ದಲ್ಲ. ದುಂಡಗೆ, ನಿಧಾನವಾಗಿ ಬರೆದದ್ದು. ಮೂಲೆಯಲ್ಲಿ ನೀಲಿ ಪೆನ್ನಿನಲ್ಲಿ ನಾನು ಹಾಕಿದ ಅಂಕಿ: ನಾಲ್ಕು.

ನಾಲ್ಕು ವರ್ಷದಲ್ಲಿ ಅವನು ಯಾವ ಚೀಟಿಯಲ್ಲೂ ಉಣ್ಣೆ ಎಂಬ ಪದವನ್ನು ಹುಳಕ್ಕೆ ಬಳಸಿರಲಿಲ್ಲ. ಉಣುಗು ಅಂತಲೇ ಬರೆಯುತ್ತಿದ್ದ. ಕಚೇರಿಯಲ್ಲಿ ನಾನೂ ಅವರೆಲ್ಲರ ಮಾತನ್ನೇ ಓದುತ್ತಿದ್ದೆ; ಉಣುಗು ಎಂದರೆ ಮೂರು, ಉಣ್ಣೆ ಎಂದರೆ ನಾಲ್ಕು. ನನ್ನ ತವರಿನ ಮಾತನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ. ಆ ಮಂಗಳವಾರ ಮಾತ್ರ, ಈ ಚೀಟಿಯನ್ನು ನಾನೇ ಓದುತ್ತೇನೆ ಅಂತ ಗೊತ್ತಿದ್ದೇ ಅವನು ನನ್ನ ಪದ ಬರೆದಿದ್ದ. ಮಾತು ಬಿಟ್ಟವಳನ್ನು ನಗಿಸಲು.

ನನ್ನ ಚೀಟಿ ನೋಡಿದ್ಯಾ?

ನಾನು ಚೀಟಿಯನ್ನು ಕಟ್ಟಿಗೆ ಸೇರಿಸಿ ಹದಿನೈದನೆಯದನ್ನು ಎತ್ತಿ ಕೊಟ್ಟೆ.

ಮಧ್ಯಾಹ್ನ ಅಧಿಕಾರಿಣಿ ಕರಡು ಬರೆಸಿದರು. ರೋಗದ ಮೂಲ ಖಚಿತವಾಗಿಲ್ಲ. ಒಂದು ಹಿಂಡಿನ ತಪಾಸಣೆಯಲ್ಲಿ ಮೃತ ವೈದ್ಯರಿಂದ ಲೋಪವಾಗಿದೆ. ಶೆಡ್ಡಿಗೆ ಸುಣ್ಣ ಬಳಿಯಲಾಗಿದ್ದು ಸೋಮವಾರ ತೆರೆಯಬಹುದು. ನಾಳೆ ಹನ್ನೊಂದಕ್ಕೆ ಸಹಿ.

ಸುಣ್ಣದಿಂದ ಆ ಹುಳಗಳು ಸಾಯುವುದಿಲ್ಲ ಅಂತ ಆ ಕಟ್ಟಡದಲ್ಲಿ ಗೊತ್ತಿದ್ದವಳು ನಾನೊಬ್ಬಳೇ ಇರಬೇಕು. ಹೊಟ್ಟೆ ತುಂಬಿದ ಹೆಣ್ಣು ಹುಳ ಕುರಿಯ ಮೈಯಿಂದ ಕಳಚಿ ಬೀಳುತ್ತದೆ. ಬಿದ್ದದ್ದು ಗೋಡೆಯ ಬಿರುಕು ಹುಡುಕಿ ಒಳಗೆ ಹೋಗಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆ ಒಡೆಯಲು ಐದಾರು ವಾರ. ಮರಿಗಳು ಇಲಿಯನ್ನೋ ಮೊಲವನ್ನೋ ನೆಲದ ಹಕ್ಕಿಯನ್ನೋ ಹತ್ತುತ್ತವೆ. ಬೆಳೆದ ಮೇಲೆ ಕುರಿಯನ್ನು. ಈ ರೋಗ ತಾಯಿಯಿಂದ ಮೊಟ್ಟೆಗೂ ಇಳಿಯಬಲ್ಲದು. ಕುರಿಗೆ ಇದರಿಂದ ಏನೂ ಆಗುವುದಿಲ್ಲ. ಒಂದು ವಾರ ರಕ್ತದಲ್ಲಿ ರೋಗ ಇಟ್ಟುಕೊಂಡು ಮೇಯುತ್ತಲೇ ಇರುತ್ತದೆ, ಆ ವಾರದಲ್ಲಿ ಮೈಗೆ ಕಚ್ಚಿದ ಬೇರೆ ಹುಳಗಳಿಗೆಲ್ಲ ಹಂಚುತ್ತದೆ. ಹುಳಕ್ಕೆ ರೆಕ್ಕೆ ಇಲ್ಲ. ದೂರ ಹೋಗುವ ಕೆಲಸ ಕುರಿಯದು, ಹಕ್ಕಿಯದು, ಲಾರಿಯದು. ಮತ್ತೆ, ಅಂಕಿ ಒತ್ತುವವರದು.

ಸೋಮವಾರ ಹನ್ನೊಂದು ಹಿಂಡು ಆ ಶೆಡ್ಡಿನೊಳಗೆ ಹೋದರೆ ಹನ್ನೊಂದು ದಿಕ್ಕಿಗೆ ಹೊರಗೆ ಬರುತ್ತವೆ. ಹಳೆಯ ಇನ್ನೂರ ಹನ್ನೆರಡು ಆಗಲೇ ಮೂರು ಪಾಲಾಗಿ ಹೋಗಿದ್ದವು. ಚೀಟಿಯ ಅಂಕಿ ಮೂರು ಎಂದಾಗದ ಹೊರತು ಅವನ್ನು ಯಾರೂ ಹುಡುಕುವುದಿಲ್ಲ. ನಿಯಮ ಹಾಗಿದೆ.

ಐದು ಗಂಟೆಗೆ ಗುಮಾಸ್ತರ ಮೇಜಿನ ಮುಂದೆ ನಿಂತು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಕೂತ್ಕೋಮ್ಮ. ಬೇರೆ ಕಡೆ ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರೆ. ನಮ್ಮ ಆಫೀಸಲ್ಲಿ ಮಾತ್ರ ಎಲ್ಲಾ ತಪ್ಪೂ ಸತ್ತೋನೇ ಮಾಡಿರ್ತಾನೆ. ಅದು ಒಂಥರಾ ಅನುಕೂಲ. ಅವನಿಗೆ ನೋಟಿಸ್ ಕೊಡೋಕಾಗುತ್ತಾ? ವರ್ಗ ಮಾಡೋಕಾಗುತ್ತಾ? ನಿನಗಾದ್ರೆ ಎರಡೂ ಆಗುತ್ತೆ."

"ಅವನು ಬರೆದಿದ್ದ ಸಾರ್."

"ಬರೆದಿದ್ದ ಅಂತ ನೀನು ಹೇಳ್ತೀಯ. ಉಣ್ಣೆ ಅಂದ್ರೆ ಹುಳ ಅಂತ ಇಲ್ಲಿ ಯಾರಿಗೆ ಗೊತ್ತು? ಗಂಡನ್ನ ಉಳಿಸೋಕೆ ಪದ ಹುಟ್ಟಿಸಿದಾಳೆ ಅಂತಾರೆ." ದನಿ ತಗ್ಗಿಸಿದರು. "ಆ ಮೇಸ್ತ್ರಿ ಮುಂದೆ ಹೇಳ್ತೀಯಾ, ನಿನ್ನ ಭಾವಮೈದನ್ನ ಕೊಂದ ಹಿಂಡನ್ನ ಶೆಡ್ಡಿಗೆ ಕಳಿಸಿದ್ದು ನಂದೇ ಕೈ ಅಂತ? ನನ್ನ ಮಗಳ ವಯಸ್ಸು ನಿಂದು. ಮನೆಗೆ ಹೋಗು."

ಅವರು ಕೆಟ್ಟವರಲ್ಲ. ಮೂರನೆಯ ವಾರ ನನ್ನ ಮೇಜಿನ ಧೂಳು ಒರೆಸಿಟ್ಟಿದ್ದವರು ಅವರೇ.

ಮನೆಯಲ್ಲಿ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದರು, "ಏನಂದ್ರು?"

"ಅವನು ಹಿಂಡನ್ನ ಸರಿಯಾಗಿ ನೋಡಿಲ್ಲ ಅಂತ ಬರೀತಾರಂತೆ."

"ಯಾರು, ನನ್ನ ಮಗನಾ? ಚಿಕ್ಕೋನಿದ್ದಾಗ ಬೀದಿ ನಾಯಿಗಳನ್ನೆಲ್ಲ ಮನೇಗೆ ಎಳ್ಕೊಂಡು ಬಂದು ಉಣುಗು ಕೀಳ್ತಿದ್ದೋನು. ಅವನ ಕಣ್ಣಿಗೆ ಬೀಳದ ಉಣುಗು ಇದೆಯಾ?" ಕೈಯಲ್ಲಿದ್ದ ಎಸಳನ್ನು ತಟ್ಟೆಗೆ ಎಸೆದರು. "ಸತ್ತ ಮೇಲೂ ಅವನ ಮೇಲೇ ಹಾಕ್ಬೇಕಾ?"

ಪಕ್ಕದಲ್ಲಿ ಕೂತು ನಡೆದದ್ದನ್ನು ಹೇಳಿದೆ. ಎರಡು ಪದ, ಎರಡು ಅಂಕಿ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

"ಇಲ್ಲ" ಅಂದರು. "ಅವನ ಬಾಯಲ್ಲಿ ಆ ಮಾತು ಬರಲ್ಲ. ಉಣ್ಣೆ ಅಂದ್ರೆ ಕಂಬಳಿದು ಅಂತಲೇ ಅವನು. ನಿನ್ನ ಮಾತು ಕೇಳಿ ನಗ್ತಿದ್ನೇ ಹೊರತು ಯಾವತ್ತು ಹಾಗಂದ? ಯಾರಾದ್ರೂ ಕೇಳಿದ್ರೆ ನಾನು ಇದನ್ನೇ ಹೇಳೋಳು."

ಅವರು ಹೇಳಿದ್ದು ಸರಿ. ಅವನು ಆ ಪದವನ್ನು ತಮಾಷೆಗಲ್ಲದೆ ಆಡಿದ್ದನ್ನು ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ.

ಎದ್ದು ಬಾಗಿಲ ಹಿಂದಿನ ಚೀಲ ಇಳಿಸಿದೆ. ಅತ್ತೆ "ಬೇಡ" ಅಂದರು. ಜಿಪ್ಪು ಬಿಗಿದಿತ್ತು. ಒಳಗೆ ಟವಲು, ಥರ್ಮಾಮೀಟರು, ಖಾಲಿ ಗ್ಲೌಸ್ ಡಬ್ಬಿ, ಬಟ್ಟೆಯಲ್ಲಿ ಸುತ್ತಿದ ನನ್ನ ಸೂಕ್ಷ್ಮದರ್ಶಕ. ಅದನ್ನು ವಾಪಸ್ ತಂದಿದ್ದ. ತಂದದ್ದನ್ನು ಹೇಳಿರಲಿಲ್ಲ, ಹೇಳಲು ನಾನು ಬಿಟ್ಟಿರಲಿಲ್ಲ. ಪಕ್ಕದ ಜೇಬಿನಲ್ಲಿ ಸೀಸೆ. ಸ್ಪಿರಿಟ್ ಕಂದು ಬಣ್ಣಕ್ಕೆ ತಿರುಗಿತ್ತು. ಏಳು ಹುಳ. ಬಿರಡೆಗೆ ಅಂಟಿಸಿದ ಕಾಗದದ ಮೇಲೆ ಅದೇ ದುಂಡು ಅಕ್ಷರ: ಮಂಗಳವಾರದ ತಾರೀಕು, ಇನ್ನೂರ ಹನ್ನೆರಡರ ಹಿಂಡು, ಉಣ್ಣೆ, ಏಳು.

ಸೀಸೆಯನ್ನು ಅತ್ತೆಯ ಮುಂದೆ ಇಟ್ಟೆ. ಅವರಿಗೆ ಹತ್ತಿರದ ಅಕ್ಷರ ಕಾಣುವುದಿಲ್ಲ. ದೂರ ಹಿಡಿದು, ಮತ್ತೆ ಹತ್ತಿರ ತಂದು, ತುಟಿ ಅಲ್ಲಾಡಿಸುತ್ತಾ ಓದಿದರು. ಬೆಳ್ಳುಳ್ಳಿ ಸಿಪ್ಪೆಯನ್ನೆಲ್ಲ ಒಟ್ಟು ಮಾಡಿ ಒಳಗೆ ಹೋದರು. ಆ ಸಂಜೆ ಅಡುಗೆ ಆಗಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಸೀಸೆಯನ್ನೂ ಚೀಟಿಯನ್ನೂ ಅಧಿಕಾರಿಣಿಯ ಮುಂದೆ ಇಟ್ಟು, ನನ್ನ ತವರಿನ ಪದವನ್ನೂ ನನ್ನ ಓದನ್ನೂ ಹೇಳಿದೆ. ಮೇಸ್ತ್ರಿ ಸಹಿಗೆಂದು ಬಂದು ಅದೇ ಸ್ಟೂಲಿನ ಮೇಲೆ ಕೂತಿದ್ದ. ಗುಮಾಸ್ತರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ಅಧಿಕಾರಿಣಿ ಎರಡೂ ಬರಹಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ನಾಲ್ಕು ಹಾಕಿದ್ದು ಯಾರು?"

"ನಾನು."

"ನೀವು ಓದಿದ್ದು ಇದೇ ಹುಳದ ಬಗ್ಗೆ ಅಲ್ವಾ?"

"ಹೌದು."

"ನಿಮ್ಮ ಮನೆಯಲ್ಲಿ ಇದಕ್ಕೆ ಹೇಳೋದೂ ಇದೇ ಪದ."

"ಹೌದು."

ಅವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ನನಗೆ ಕೊಟ್ಟರು. ನಾಲ್ಕನ್ನು ಹೊಡೆದು ಹಾಕಿ ಪಕ್ಕದಲ್ಲಿ ಮೂರು ಬರೆದೆ. ಕೆಳಗೆ ಸಹಿ, ತಾರೀಕು, ಗಂಟೆ.

ಮೇಸ್ತ್ರಿಗೆ ಮಾತು ನಿಧಾನಕ್ಕೆ ತಲುಪಿತು. "ಅಂದ್ರೆ ಆ ಹಿಂಡು ನಮ್ಮಲ್ಲಿಗೆ ಬರಬೇಕಾಗೇ ಇರ್ಲಿಲ್ಲ?"

"ಇಲ್ಲ."

"ಡಾಕ್ಟ್ರು ಬರೆದಿದ್ರು."

"ಬರೆದಿದ್ದ. ನಾನು ತಪ್ಪು ಓದಿದೆ."

ಅವನು ಟೋಪಿಯನ್ನು ಮಂಡಿಯ ಮೇಲಿಟ್ಟು ತಿರುಗಿಸುತ್ತಾ ಕೂತ. ಬೈಯುತ್ತಾನೆ ಅಂತ ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ನಮ್ಮ ತಂಗೀಗೆ ನಿಮ್ಮಷ್ಟೇ ವಯಸ್ಸು" ಅಂದ. "ಅವಳಿಗೆ ಏನಂತ ಹೇಳ್ಲಿ ನಾನು?"

"ನಾನು ಅಂತ ಹೇಳಿ."

"ಹೇಳ್ತೀನಿ" ಅಂದ. ಟೋಪಿ ಹಾಕಿಕೊಂಡು ಸಹಿ ಮಾಡದೆ ಹೋದ.

ಶೆಡ್ಡು ಸೋಮವಾರ ತೆರೆಯಲಿಲ್ಲ. ಔಷಧಿ ಹೊಡೆಯುವವರು ಗೋಡೆಯ ಗಾರೆ ಕಿತ್ತಾಗ ಬಿರುಕಿನೊಳಗೆ ಸಾಸಿವೆಗಿಂತ ಸಣ್ಣ ಮರಿಗಳು ಹೊಸಕಿದ ಮಸಿಯ ಹಾಗೆ ಹರಿದಾಡುತ್ತಿದ್ದವಂತೆ. ಹನ್ನೊಂದು ಹಿಂಡನ್ನು ಬೇರೆ ದಾರಿಗೆ ತಿರುಗಿಸಿದರು. ಹಳೆಯ ಹಿಂಡಿನ ಮೂರು ಪಾಲುಗಳಲ್ಲಿ ಎರಡು ಸಿಕ್ಕಿದವು. ಮೂರನೆಯದು, ಎಪ್ಪತ್ತು ಕುರಿ, ಒಂದು ಸಂತೆಯಲ್ಲಿ ಬಿಡಿಬಿಡಿಯಾಗಿ ಕೈ ಬದಲಾಗಿತ್ತು. ಎಲ್ಲಿವೆಯೋ ಗೊತ್ತಿಲ್ಲ. ಅವು ಆರೋಗ್ಯವಾಗಿಯೇ ಇರುತ್ತವೆ.

ವರದಿಯಿಂದ ಅವನ ಲೋಪದ ಸಾಲು ತೆಗೆದರು. ನನ್ನದು ಸೇರಿಸಿದರು. ಅಂಕಿ ಒತ್ತುವ ಕೆಲಸದಿಂದ ನನ್ನನ್ನು ಟಪಾಲಿಗೆ ಹಾಕಿದರು. ಅಲ್ಲಿ ಬಂದ ಮೊದಲ ಸುತ್ತೋಲೆಯ ನೂರಿಪ್ಪತ್ತು ಪ್ರತಿಗಳನ್ನು ಮಡಚಿ ಲಕೋಟೆಗೆ ತುಂಬಿದೆ: ಇನ್ನು ಮುಂದೆ ಚೀಟಿಗಳಲ್ಲಿ ಉಣುಗು ಎಂದೇ ಬರೆಯತಕ್ಕದ್ದು, ಉಣ್ಣೆ ಎಂಬ ಪದವನ್ನು ಕುರಿಯ ಕೂದಲಿಗೆ ಮಾತ್ರ ಬಳಸತಕ್ಕದ್ದು.

ಅತ್ತೆ ಆ ವಿಷಯ ಮತ್ತೆ ಎತ್ತಲಿಲ್ಲ. ನನ್ನೊಡನೆ ಬೇಕಾದಷ್ಟೇ ಮಾತು: ಹಾಲು ಬಂತು, ನೀರು ನಿಂತಿತು. ಸೂಕ್ಷ್ಮದರ್ಶಕವನ್ನು ಊಟದ ಮೇಜಿನ ಮೇಲಿಟ್ಟೆ. ಅವರು ಅದರ ಸುತ್ತ ಒರೆಸುತ್ತಿದ್ದರು, ಅದನ್ನು ಮುಟ್ಟುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೊರಗಿನ ಮೆಟ್ಟಿಲಿನಿಂದ ಕರೆದರು. ಪಕ್ಕದ ಮನೆಯ ಮುದಿ ನಾಯಿ ಅವರ ತೊಡೆಯ ಮೇಲೆ ತಲೆ ಇಟ್ಟುಕೊಂಡಿತ್ತು. ಅದರ ಕಿವಿಯನ್ನು ಮಡಚಿ ಹಿಡಿದಿದ್ದರು.

"ಬಾ ಇಲ್ಲಿ" ಅಂದರು. ನನ್ನ ಕಡೆ ನೋಡದೆ ಹೇಳಿದರು, "ಇದರ ಕಿವೀಲಿ ಉಣ್ಣೆ ಇದೆ."

"ಬರಿಗೈಯಲ್ಲಿ ಮುಟ್ಟಬೇಡಿ ಅತ್ತೆ" ಅಂದೆ. ಚಿಮುಟ ತರಲು ಒಳಗೆ ಹೋದೆ.